ಪಟ್ಟಿ ಕಟ್ಟಿ ನಡೆದಾಗ ಕಾಲಿನಲ್ಲೂ ಎದೆಯಲ್ಲೂ ಏನಾಗುತ್ತದೆ

ಜುಲೈ ತಿಂಗಳ ಒಂದು ಭಾನುವಾರ ಸಂಜೆ ಕೊಡಗಿನ ಪೊನ್ನಂಪೇಟೆಯಲ್ಲಿ ಆಡಿದ ಮಾತು ಇದು. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಇಂಥ ಮಳೆ, ಒಳಗೆ ಕರೆಂಟ್ ಇಲ್ಲ. ಆದರೂ ಇಷ್ಟು ಜನ ಬಂದಿದ್ದೀರಿ. ಮುಂದಿನ ಸಾಲಿನಲ್ಲಿ ಹಾಕಿ ಆಡುವ ಹುಡುಗ ಹುಡುಗಿಯರು, ಅವರ ಹಿಂದೆ ಮಿಲಿಟರಿಯಿಂದ ನಿವೃತ್ತರಾದ ಹಿರಿಯರು, ಬಾಗಿಲ ಹತ್ತಿರ ತೋಟದ ಕೆಲಸ ಮುಗಿಸಿ ಬಂದ ಅಕ್ಕಂದಿರು. ಇವತ್ತಿನ ವಿಷಯ ತೊಡೆಗೆ ಪಟ್ಟಿ ಕಟ್ಟಿ ಮಾಡುವ ವ್ಯಾಯಾಮ. ಅದು ನಿಮ್ಮ ಮೂರೂ ಗುಂಪಿಗೆ ಸೇರಿದ್ದು.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯ ವಾರ. ನನ್ನ ವ್ಯಾಯಾಮ ಚಿಕಿತ್ಸೆಯ ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿಗೆ ಹದಿನೇಳು ವರ್ಷದ ಹುಡುಗನೊಬ್ಬ ಕುಂಟುತ್ತಾ ಬಂದ. "ಅಕ್ಕಾ, ಕಾಲು ಒಂಥರಾ ಆಗಿದೆ, ಅಮ್ಮನಿಗೆ ಹೇಳ್ಬೇಡಿ" ಅಂದ. ಟ್ರ್ಯಾಕ್ ಪ್ಯಾಂಟ್ ಮಡಚಿ ನೋಡಿದರೆ ಎರಡೂ ತೊಡೆಯ ಮೇಲ್ಭಾಗಕ್ಕೆ ಸೈಕಲ್ ಟ್ಯೂಬ್ ತುಂಡನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದ್ದ. ಹಾಗೇ ಮೈದಾನದಲ್ಲಿ ನಲವತ್ತು ನಿಮಿಷ ಓಡಿದ್ದಾನೆ. ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಅವನ ಕಾಲಿನ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟೆ. ಒತ್ತಿದಾಗ ಉಗುರು ಬಿಳಿಚುತ್ತದೆ, ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ವಾಪಸ್ ಬರಬೇಕು. ನಿಮ್ಮ ಕೈಯ ಉಗುರಲ್ಲೇ ಈಗ ಮಾಡಿ ನೋಡಿ. ಬಂತಲ್ವಾ? ಅವನಿಗೆ ಆರು ಎಣಿಸುವವರೆಗೂ ಬರಲಿಲ್ಲ.

ಕತ್ತರಿಯಿಂದ ಟ್ಯೂಬ್ ಕತ್ತರಿಸಿದೆ. ಗಂಟು ಬಿಚ್ಚುವ ಹಾಗೇ ಇರಲಿಲ್ಲ. ತೊಡೆಯ ಸುತ್ತ ಹಗ್ಗ ಬಿಗಿದ ಹಾಗೆ ಕೆಂಪು ಗೆರೆ. ಸ್ವಲ್ಪ ಹೊತ್ತಿಗೆ ಪಾದಕ್ಕೆ ಬಣ್ಣ ಬಂತು, ಆಮೇಲೆ ಜೋಮು, ಆಮೇಲೆ ಉರಿ. ಅಂದು ರಾತ್ರಿಯೇ ಡಾಕ್ಟರ ಹತ್ತಿರ ಕಳಿಸಿದೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅಮ್ಮನಿಗೆ ಮಾತ್ರ ಹೇಳಲೇಬೇಕಾಯಿತು.

ಯಾಕಪ್ಪಾ ಹೀಗೆ ಮಾಡಿದೆ ಅಂತ ಕೇಳಿದರೆ ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ತೊಡೆಗೆ ಪಟ್ಟಿ ಕಟ್ಟಿಕೊಂಡು ಓಡಿದರೆ ಸ್ಟ್ಯಾಮಿನಾ ಎರಡು ಪಟ್ಟು ಆಗುತ್ತದೆ ಅಂತ ಯಾರೋ ಹೇಳುತ್ತಿದ್ದ. ನಾನು ಅದನ್ನು ಪೂರ್ತಿ ನೋಡಿದೆ. ಅದರಲ್ಲಿ ಎಲ್ಲವೂ ಸುಳ್ಳಾಗಿದ್ದರೆ ನನಗೆ ಇಷ್ಟು ಚಿಂತೆ ಆಗುತ್ತಿರಲಿಲ್ಲ. ಅದರಲ್ಲಿ ಒಂದಷ್ಟು ನಿಜ ಇತ್ತು. ಆ ನಿಜ ಯಾವುದು, ಅದು ಯಾರಿಗೆ ಬೇಕು, ಯಾರಿಗೆ ಅಪಾಯ ಅನ್ನುವುದನ್ನು ಹೇಳುವುದಕ್ಕೇ ಬಂದಿದ್ದೇನೆ.

ಇದಕ್ಕೆ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್ ಅಂತ ಹೆಸರು. ಚಿಕ್ಕದಾಗಿ ಬಿಎಫ್‌ಆರ್. ರಕ್ತದ ಹರಿವಿಗೆ ಸ್ವಲ್ಪ ತಡೆ ಒಡ್ಡಿ ವ್ಯಾಯಾಮ ಮಾಡುವುದು. ಹುಟ್ಟಿದ್ದು ಜಪಾನಿನಲ್ಲಿ. 1966ರಲ್ಲಿ ಯೋಶಿಯಾಕಿ ಸಾಟೊ ಅನ್ನುವ ಯುವಕ ಒಂದು ಬೌದ್ಧ ಪೂಜೆಗೆ ಹೋಗಿದ್ದರು. ಅಲ್ಲಿ ಮಂಡಿ ಮಡಚಿ, ಹಿಮ್ಮಡಿಯ ಮೇಲೆ ಕೂರಬೇಕು. ಬಹಳ ಹೊತ್ತು ಕೂತು ಕಾಲು ಜೋಮು ಹಿಡಿಯಿತು. ನಮಗೂ ಮದುವೆ ಮನೆಯಲ್ಲೋ ದೇವಸ್ಥಾನದಲ್ಲೋ ಚಕ್ಕಳಮಕ್ಕಳ ಹಾಕಿ ಕೂತಾಗ ಹಿಡಿಯುವುದಿಲ್ವಾ, ಹಾಗೇ. ನಾವು ಕಾಲು ಕೊಡವಿ ಎದ್ದು ಊಟಕ್ಕೆ ಹೋಗುತ್ತೇವೆ. ಸಾಟೊ ಮೀನಖಂಡವನ್ನು ಉಜ್ಜಿಕೊಳ್ಳುತ್ತಾ ಯೋಚನೆ ಮಾಡಿದರು. ಭಾರ ಎತ್ತಿದ ಮೇಲೆ ಸ್ನಾಯು ಹೇಗೆ ಊದಿ ಬಿಗಿಯುತ್ತದೋ ಇದೂ ಹಾಗೇ ಇದೆಯಲ್ಲ ಅಂತ. ಅಲ್ಲಿಂದ ತಮ್ಮ ಮೈಮೇಲೇ ಪ್ರಯೋಗ ಶುರು ಮಾಡಿದರು. ಆರಂಭದ ದಿನಗಳಲ್ಲಿ ಅತಿಯಾಗಿ ಕಟ್ಟಿಕೊಂಡು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆಸ್ಪತ್ರೆ ಸೇರಿದ್ದರು. 1973ರಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ಪಾದದ ಕೀಲು ಮುರಿಯಿತು, ಮಂಡಿಗೂ ಪೆಟ್ಟಾಯಿತು. ಆಗ ಇದೇ ವಿಧಾನ ಬಳಸಿ ಕಾಲಿನ ಸ್ನಾಯು ಸೊರಗದ ಹಾಗೆ ನೋಡಿಕೊಂಡರು. ಇದಕ್ಕೆ ಅವರು ಇಟ್ಟ ಹೆಸರು ಕಾಟ್ಸು. ಜಪಾನಿ ಭಾಷೆಯಲ್ಲಿ ಒತ್ತಡ ಸೇರಿಸುವುದು ಅಂತ ಅರ್ಥ.

ಈಗ ಒಳಗೆ ಏನಾಗುತ್ತದೆ ನೋಡೋಣ. ಕಾಲಿಗೆ ರಕ್ತ ತರುವ ಅಪಧಮನಿ ದಪ್ಪ ಗೋಡೆಯದು, ಒಳಗೆ ಒತ್ತಡ ಜಾಸ್ತಿ. ರಕ್ತವನ್ನು ವಾಪಸ್ ಒಯ್ಯುವ ಅಭಿಧಮನಿ ತೆಳು ಗೋಡೆಯದು, ಒತ್ತಡ ಬಹಳ ಕಡಿಮೆ. ಹೊರಗಿನಿಂದ ಒಂದು ಹದದಲ್ಲಿ ಒತ್ತಿದರೆ ಮೊದಲು ಮುಚ್ಚುವುದು ವಾಪಸ್ ಹೋಗುವ ದಾರಿ. ಬರುವ ದಾರಿ ಕಿರಿದಾಗುತ್ತದೆ, ಆದರೆ ಮುಚ್ಚುವುದಿಲ್ಲ. ನಮ್ಮ ಗದ್ದೆ ನೆನಪು ಮಾಡಿಕೊಳ್ಳಿ. ಮೇಲಿನ ಗದ್ದೆಯಿಂದ ನೀರು ಬರುವ ಕಂಡಿಗೆ ಒಂದು ಹೆಂಟೆ ಮಣ್ಣು ಅಡ್ಡ ಇಟ್ಟು, ಕೆಳಗಿನ ಗದ್ದೆಗೆ ಹೋಗುವ ಕಂಡಿಯನ್ನು ಹೆಚ್ಚು ಕಮ್ಮಿ ಮುಚ್ಚಿದರೆ ಏನಾಗುತ್ತದೆ? ಹೊಸ ನೀರು ಬರುವುದು ಕಡಿಮೆ, ಇದ್ದ ನೀರು ಅಲ್ಲೇ ನಿಲ್ಲುತ್ತದೆ. ತೊಡೆಯ ಸ್ನಾಯುವಿನಲ್ಲೂ ಅಷ್ಟೇ. ಆಮ್ಲಜನಕ ಇರುವ ಹೊಸ ರಕ್ತ ಕಡಿಮೆ ಬರುತ್ತದೆ, ಕೆಲಸ ಮಾಡಿ ಹುಟ್ಟಿದ ಆಮ್ಲ, ಲ್ಯಾಕ್ಟೇಟ್ ಎಲ್ಲ ಅಲ್ಲೇ ಉಳಿಯುತ್ತವೆ.

ನಮ್ಮ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನದ ಎಳೆಗಳು ಆಮ್ಲಜನಕ ಬಳಸಿಕೊಂಡು ದಿನವಿಡೀ ದುಡಿಯುತ್ತವೆ. ವೇಗದ ಎಳೆಗಳು ಬಲ ಬೇಕಾದಾಗ, ಏರು ಹತ್ತುವಾಗ, ಚೆಂಡಿನ ಹಿಂದೆ ಜೋರಾಗಿ ಓಡುವಾಗ ಏಳುತ್ತವೆ. ಅಂಗಡಿಗೆ ಹೋಗಿ ಹಾಲು ತರುವ ನಡಿಗೆಗೆ ಅವು ಏಳುವುದೇ ಇಲ್ಲ. ಪಟ್ಟಿ ಕಟ್ಟಿದಾಗ ನಿಧಾನದ ಎಳೆಗಳಿಗೆ ಆಮ್ಲಜನಕ ಸಾಲದೆ ಬೇಗ ಸುಸ್ತಾಗುತ್ತವೆ. ಆಗ ನಡಿಗೆ ನಿಧಾನವೇ ಇದ್ದರೂ ವೇಗದ ಎಳೆಗಳು ಏಳಲೇಬೇಕಾಗುತ್ತದೆ. ಕಾಲು ನಡೆಯುತ್ತಿರುವುದು ನಡಿಗೆಯನ್ನೇ, ಸ್ನಾಯು ಒಳಗೆ ಅನುಭವಿಸುತ್ತಿರುವುದು ಓಟವನ್ನು. ಪಟ್ಟಿ ಬಿಚ್ಚಿದಾಗ ಇನ್ನೊಂದು ಆಗುತ್ತದೆ. ತಡೆದಿದ್ದ ರಕ್ತ ರಭಸದಿಂದ ನುಗ್ಗುತ್ತದೆ. ಆ ರಭಸ ರಕ್ತನಾಳದ ಒಳಗೋಡೆಯನ್ನು ಉಜ್ಜಿಕೊಂಡು ಹೋಗುತ್ತದೆ. ಆಮ್ಲಜನಕದ ಕೊರತೆ, ಈ ಉಜ್ಜುವಿಕೆ ಎರಡೂ ಸೇರಿ ಹೊಸ ಕಿರುನಾಳಗಳು ಬೆಳೆಯಲಿ ಅನ್ನುವ ಸೂಚನೆ ಕೊಡುತ್ತವೆ.

ಇನ್ನು ಎದೆಯ ವಿಷಯ. ಇಲ್ಲಿ ದಯವಿಟ್ಟು ಪೂರ್ತಿ ಗಮನ ಕೊಡಿ, ವಿಶೇಷವಾಗಿ ಹಿರಿಯರು. ಇವತ್ತು ಇದೊಂದು ಮಾತು ನಿಮ್ಮ ಜೊತೆ ಮನೆಗೆ ಬಂದರೆ ಸಾಕು.

ನಾವು ನಡೆಯುವಾಗ ಮೀನಖಂಡ, ತೊಡೆ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ, ಹೃದಯಕ್ಕೆ ತಳ್ಳುತ್ತವೆ. ಪಟ್ಟಿ ಕಟ್ಟಿದಾಗ ಆ ವಾಪಸಾತಿ ಕಡಿಮೆ. ಹೃದಯಕ್ಕೆ ಬರುವುದೇ ಕಡಿಮೆಯಾದರೆ ಒಂದೊಂದು ಬಡಿತಕ್ಕೆ ಅದು ಹೊರಗೆ ಕಳಿಸುವ ರಕ್ತವೂ ಕಡಿಮೆ. ಮೈಗೆ ಬೇಕಾದಷ್ಟು ಕಳಿಸಬೇಕಲ್ಲ, ಹಾಗಾಗಿ ಬಡಿತ ಜಾಸ್ತಿ ಮಾಡುತ್ತದೆ. ಅದರ ಜೊತೆಗೆ ಕಾಲಿನಲ್ಲಿ ನಿಂತ ಆಮ್ಲವನ್ನು ಅಲ್ಲಿನ ನರಗಳು ಗುರುತಿಸಿ ಮಿದುಳಿಗೆ ತಿಳಿಸುತ್ತವೆ. ಕಾಲಿಗೆ ರಕ್ತ ಸಾಲುತ್ತಿಲ್ಲ, ಒತ್ತಡ ಏರಿಸು ಅಂತ. ಮಿದುಳು ಬಿಪಿ ಏರಿಸುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ. ಸುಮ್ನೆ ನಿಧಾನ ನಡೆಯುವಾಗ ಒಬ್ಬರ ನಾಡಿ 90, ಮೇಲಿನ ಬಿಪಿ 130 ಅಂದುಕೊಳ್ಳಿ. ಎರಡನ್ನೂ ಗುಣಿಸಿದರೆ 11,700. ಹೃದಯ ಎಷ್ಟು ದುಡಿಯುತ್ತಿದೆ ಅನ್ನುವುದಕ್ಕೆ ಈ ಗುಣಾಕಾರ ಒಂದು ಒಳ್ಳೆಯ ಅಂದಾಜು. ಅದೇ ನಡಿಗೆಯಲ್ಲಿ ಪಟ್ಟಿ ಕಟ್ಟಿದಾಗ ನಾಡಿ 110, ಬಿಪಿ 150 ಆಯಿತು ಅನ್ನಿ. 16,500. ಹೆಜ್ಜೆ ಒಂದಿಷ್ಟೂ ಬದಲಾಗಿಲ್ಲ, ಹೃದಯದ ದುಡಿಮೆ ಇಷ್ಟು ಏರಿತು. ನಿಧಾನ ನಡೀತಿದ್ದೀನಿ, ನನಗೇನಾಗುತ್ತೆ ಅಂತ ಬಿಪಿ ಇರುವವರು ಅಂದುಕೊಳ್ಳುವ ಹಾಗಿಲ್ಲ. ಮಂಡಿಗೆ ಇದು ಹಗುರದ ಕೆಲಸ. ಎದೆಗೆ ಹಗುರದ ಕೆಲಸ ಅಲ್ಲವೇ ಅಲ್ಲ.

ಹಾಗಾದರೆ ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ತಕಾಶಿ ಅಬೆ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಯವರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುವಕರು ಟ್ರೆಡ್‌ಮಿಲ್ ಮೇಲೆ ನಿಮಿಷಕ್ಕೆ 50 ಮೀಟರ್ ವೇಗದಲ್ಲಿ ನಡೆದರು. ಗಂಟೆಗೆ 3 ಕಿಲೋಮೀಟರ್ ಆಯಿತು. ಸಂತೆಯಲ್ಲಿ ತರಕಾರಿ ನೋಡುತ್ತಾ ನಡೆಯುವ ವೇಗ. ಎರಡು ನಿಮಿಷ ನಡಿಗೆ, ಒಂದು ನಿಮಿಷ ವಿಶ್ರಾಂತಿ, ಹೀಗೆ ಐದು ಸಲ. ದಿನಕ್ಕೆ ಎರಡು ಹೊತ್ತು, ವಾರಕ್ಕೆ 6 ದಿನ, 3 ವಾರ. ಪಟ್ಟಿ ಕಟ್ಟಿ ನಡೆದವರ ತೊಡೆ ಸ್ನಾಯು ಶೇಕಡಾ 4ರಿಂದ 7ರಷ್ಟು ದಪ್ಪವಾಯಿತು, ಬಲ ಶೇಕಡಾ 8ರಿಂದ 10ರಷ್ಟು ಏರಿತು. ಪಟ್ಟಿ ಇಲ್ಲದೆ ಅಷ್ಟೇ ನಡೆದವರಿಗೆ ಹಾಗೆ ಆಗಲಿಲ್ಲ. ಬರೀ ನಡಿಗೆಯಿಂದ ಮೂರೇ ವಾರದಲ್ಲಿ ಯುವಕರ ಸ್ನಾಯು ಬೆಳೆಯುವುದು ಅಂದರೆ ನಮ್ಮ ಕಸುಬಿನವರಿಗೆ ನಂಬಲು ಕಷ್ಟದ ಮಾತು. ಮೊದಲ ಸಲ ಓದಿದಾಗ ನಾನು ಅಂಕಿಗಳನ್ನು ಎರಡು ಸಲ ನೋಡಿದ್ದೆ.

ಅದೇ ತಂಡ 2010ರಲ್ಲಿ ಸೈಕಲ್ ತುಳಿಸಿ ನೋಡಿತು. ಒಂದು ಗುಂಪು ಪಟ್ಟಿ ಕಟ್ಟಿ 15 ನಿಮಿಷ ತುಳಿಯಿತು, ಇನ್ನೊಂದು ಗುಂಪು ಪಟ್ಟಿ ಇಲ್ಲದೆ 45 ನಿಮಿಷ. ಎರಡೂ ಗುಂಪಿಗೆ ಹಗುರದ ತುಳಿತ. ವಾರಕ್ಕೆ 3 ದಿನ, 8 ವಾರ. ಇಲ್ಲಿ ಅಳೆದದ್ದು ವಿಒ2 ಮ್ಯಾಕ್ಸ್. ಜೋರಾದ ವ್ಯಾಯಾಮದಲ್ಲಿ ಮೈ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ ಅದು. ನೀವು ಸ್ಟ್ಯಾಮಿನಾ, ದಮ್ಮು ಅನ್ನುತ್ತೀರಲ್ಲ, ಅದಕ್ಕೆ ಬಹಳ ಹತ್ತಿರದ್ದು. 15 ನಿಮಿಷದ ಗುಂಪಿಗೆ ಅದು ಶೇಕಡಾ 6ಕ್ಕೂ ಸ್ವಲ್ಪ ಜಾಸ್ತಿ ಏರಿತು, ತೊಡೆಯೂ ಬೆಳೆಯಿತು. 45 ನಿಮಿಷದವರಿಗೆ ಎರಡೂ ಬದಲಾಗಲಿಲ್ಲ.

ಹುಡುಗರ ಕಣ್ಣು ಅರಳಿದ್ದು ಕಾಣುತ್ತಿದೆ. ಸ್ವಲ್ಪ ತಾಳಿ. ಅಷ್ಟು ಹಗುರವಾಗಿ ತುಳಿದ 45 ನಿಮಿಷ ಆ ವಯಸ್ಸಿನವರಿಗೆ ಸಾಲುವುದಿಲ್ಲ. ಅವರು ಚೆನ್ನಾಗಿ ಬೆವರು ಸುರಿಸಿ ತುಳಿದಿದ್ದರೆ ಪಟ್ಟಿ ಇಲ್ಲದೆಯೂ ಏರುತ್ತಿತ್ತು. ನಿಮಗೆ ಆರೋಗ್ಯವಂತ ಮಂಡಿ ಇದೆ, ಕಾಲ ಬುಡದಲ್ಲೇ ಗುಡ್ಡ ಇದೆ. ಆ ದಾರಿಯಲ್ಲೇ ಏರಿಸಿಕೊಳ್ಳಬಹುದು. ಹಾಗಂತ ಪಳಗಿದ ಆಟಗಾರರಿಗೆ ಇದು ಕೆಲಸಕ್ಕೆ ಬಾರದು ಅಂತಲೂ ಹೇಳುವುದಿಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಉನ್ನತ ಮಟ್ಟದ ದೋಣಿ ಹುಟ್ಟು ಸ್ಪರ್ಧಿಗಳು ತಮ್ಮ ಹಗುರದ ಅಭ್ಯಾಸದ ಒಂದು ಭಾಗವನ್ನು ಪಟ್ಟಿ ಕಟ್ಟಿ ಮಾಡಿದರು. 5 ವಾರದಲ್ಲಿ ಅವರ ವಿಒ2 ಮ್ಯಾಕ್ಸ್ ಶೇಕಡಾ 9ರಷ್ಟು ಏರಿತು, ಪಟ್ಟಿ ಇಲ್ಲದವರಿಗೆ ಶೇಕಡಾ ಎರಡೂವರೆ. ಆದರೆ ಅವರ ಪಕ್ಕದಲ್ಲಿ ಅಳೆಯುವವರು ಇದ್ದರು.

ನನ್ನ ಆಸೆ ಇರುವುದು ಬೇರೆ ಕಡೆ. ಅಬೆ ತಂಡವೇ 60ರಿಂದ 78 ವರ್ಷದ ಗಂಡಸರು ಹೆಂಗಸರನ್ನು 6 ವಾರ ನಡೆಸಿತು. ದಿನಕ್ಕೆ 20 ನಿಮಿಷ, ವಾರಕ್ಕೆ 5 ದಿನ, ಗಂಟೆಗೆ 4 ಕಿಲೋಮೀಟರ್ ವೇಗ. ಪಟ್ಟಿ ಕಟ್ಟಿದವರ ತೊಡೆಯೂ ಮೀನಖಂಡವೂ ಬೆಳೆದವು, ಮಂಡಿಯ ಬಲ ಏರಿತು. ವಿಒ2 ಮ್ಯಾಕ್ಸ್ ಮಾತ್ರ ಏರಲಿಲ್ಲ. ಅಂದರೆ ವಯಸ್ಸಾದವರಿಗೆ ದಮ್ಮು ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಕಾಲಿಗೆ ಬಲ ಬರುವ ಸಾಧ್ಯತೆ ಇದೆ ಅಂತ ಹೇಳಬಲ್ಲೆ.

ಅದು ಕೊಡಗಿಗೆ ಯಾಕೆ ಮುಖ್ಯ? ನಮ್ಮ ಕುಟುಂಬಗಳ ಹಾಕಿ ಹಬ್ಬವನ್ನೇ ತಗೊಳ್ಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಹಬ್ಬ ಇನ್ನೆಲ್ಲಿದೆ? ನನಗೆ ಅದರ ಬಗ್ಗೆ ಬಹಳ ಹೆಮ್ಮೆ. ಆದರೆ ವರ್ಷವಿಡೀ ಓಡದ ಐವತ್ತರ ಮಂಡಿ ಏಪ್ರಿಲಿನಲ್ಲಿ ಇದ್ದಕ್ಕಿದ್ದ ಹಾಗೆ ಮೈದಾನಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ಆ ಮಂಡಿ ನನ್ನ ಕ್ಲಿನಿಕ್ಕಿಗೆ ಬರುತ್ತದೆ. ಮಂಡಿ ನೋವು ಬಂದರೆ ನಡಿಗೆ ಕಡಿಮೆ. ನಡಿಗೆ ಕಡಿಮೆಯಾದರೆ ತೊಡೆ ಸೊರಗುತ್ತದೆ. ತೊಡೆ ಸೊರಗಿದರೆ ಮಂಡಿಯ ಮೇಲೆ ಭಾರ ಜಾಸ್ತಿ, ನೋವೂ ಜಾಸ್ತಿ. ಓಡು ಅಂದರೆ ಆಗದು, ಭಾರ ಎತ್ತು ಅಂದರೆ ಆಗದು. ಇಂಥವರಿಗೆ ನಿಧಾನ ನಡಿಗೆಯಲ್ಲೇ ಸ್ನಾಯುವನ್ನು ಎಬ್ಬಿಸುವ ದಾರಿ ಒಂದಿದೆ ಅಂದರೆ ಅದು ಸಣ್ಣ ವಿಷಯ ಅಲ್ಲ.

ನಮ್ಮ ಕಡೆಯ ಒಬ್ಬ ನಿವೃತ್ತ ಸುಬೇದಾರರು, ನಾನು ಮಾವ ಅಂತಲೇ ಕರೆಯುವುದು. 66 ವರ್ಷ. ಎಡ ಮಂಡಿ ಸವೆದಿದೆ. ಮನೆ ಮುಂದಿನ ಏಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಒಂದೊಂದೇ ಕಾಲು ಇಡುತ್ತಿದ್ದರು. ಮೊದಲು ಅವರ ಡಾಕ್ಟರ ಹತ್ತಿರ ಇಸಿಜಿ ಮಾಡಿಸಿ, ಬಿಪಿ ಹತೋಟಿಯಲ್ಲಿದೆ, ಕಾಲಿನ ರಕ್ತನಾಳ ಸರಿಯಿದೆ ಅಂತ ಬರೆಸಿಕೊಂಡು ಬರಲು ಹೇಳಿದೆ. "ಸೈನ್ಯಕ್ಕೆ ಸೇರುವಾಗಲೂ ಇಷ್ಟು ಪರೀಕ್ಷೆ ಇರಲಿಲ್ಲ" ಅಂದರು. ಆದರೂ ಎಲ್ಲ ಮಾಡಿಸಿಕೊಂಡು ಬಂದರು.

ಮಲಗಿಸಿ, ತೊಡೆಯ ಬುಡಕ್ಕೆ ಅಗಲದ ಪಟ್ಟಿ ಸುತ್ತಿದೆ. ಬಿಪಿ ನೋಡುವ ಪಟ್ಟಿಯ ಹಾಗೇ, ಆದರೆ ದೊಡ್ಡದು. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿದ ಮೂಳೆಯ ಹಿಂದೆ ಒಂದು ನಾಡಿ ಇದೆ, ಅಲ್ಲಿ ಡಾಪ್ಲರ್ ಇಟ್ಟೆ. ಪೆನ್ನಿನ ಹಾಗಿನ ಸಣ್ಣ ಉಪಕರಣ. ರಕ್ತ ಹರಿಯುವ ಸದ್ದು ಅದರಲ್ಲಿ ಶೂ... ಶೂ... ಅಂತ ಕೇಳುತ್ತದೆ. ಗಾಳಿ ತುಂಬುತ್ತಾ ಹೋದ ಹಾಗೆ ಸದ್ದು ಸಣ್ಣದಾಗುತ್ತದೆ, ಒಂದು ಕಡೆ ನಿಲ್ಲುತ್ತದೆ. ಅವರಿಗೆ ನಿಂತದ್ದು 180ಕ್ಕೆ. ಅದು ಪೂರ್ತಿ ಮುಚ್ಚುವ ಅಳತೆ. ನಾವು ಕಟ್ಟಬೇಕಾದದ್ದು ಅದರ ಶೇಕಡಾ 40ರಿಂದ 80ರೊಳಗೆ. ನಾನು ಅರ್ಧಕ್ಕೆ, 90ಕ್ಕೆ ಇಟ್ಟೆ. ಅದೇ 180 ಅಂಕಿಯನ್ನು ನಿಮ್ಮ ಕಾಲಿಗೆ ಹಾಕುವ ಹಾಗಿಲ್ಲ. ತೊಡೆ ದಪ್ಪ ಇದ್ದರೆ ಜಾಸ್ತಿ ಬೇಕು, ಪಟ್ಟಿ ಅಗಲ ಇದ್ದರೆ ಕಡಿಮೆ ಸಾಕು. ಕಿರಿದಾದ ರಬ್ಬರು, ದಾರ, ಟ್ಯೂಬ್ ಇವುಗಳಲ್ಲಿ ಎಷ್ಟು ಒತ್ತುತ್ತಿದೆ ಅನ್ನುವುದು ಗೊತ್ತಾಗುವ ದಾರಿಯೇ ಇಲ್ಲ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ಹಾಕಿ ಆಡುವಾಗ ನನ್ನ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಆಮೇಲೆ ಒಂದು ಊರಿನ ಒಂದು ಕಡೆ ವ್ಯಾಯಾಮಕ್ಕೆ ಹೋದಾಗ ಅಳತೆ ಇಲ್ಲದೆ, ಕೇಳದೆ, ಬಿಗಿಯಾಗಿ ಪಟ್ಟಿ ಎಳೆದು ಸೈಕಲ್ ಹತ್ತಿಸಿದರು. ನೋಯುತ್ತಿದೆ ಅಂದರೆ ನೋಯಬೇಕು ಅಂದರು. ಎರಡು ದಿನ ಪಾದದ ಮೇಲ್ಭಾಗ ಮರಗಟ್ಟಿತ್ತು. ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದದ್ದು ಗೊತ್ತಾಗದೆ ಬರಿಗಾಲಲ್ಲಿ ನಡೆದಿದ್ದೇನೆ. ಆ ಭಯ ನನಗೆ ಇನ್ನೂ ನೆನಪಿದೆ. ಅಳೆಯದೆ ಕಟ್ಟುವವರ ಕೈಗೆ ಕಾಲು ಕೊಡಬೇಡಿ.

ಮಾವನನ್ನು ಅವರ ಮನೆಯ ಉದ್ದ ಜಗುಲಿಯಲ್ಲೇ ನಡೆಸಿದೆ. ಹೊರಗೆ ಕಾಫಿ ಕಣ ಇತ್ತು, ಆದರೆ ಮಳೆಗೆ ಪಾಚಿ ಕಟ್ಟಿತ್ತು. ಮೊದಲ ದಿನ ಐದೇ ನಿಮಿಷ. ಮೂರನೇ ನಿಮಿಷಕ್ಕೆ ನಿಂತು ನನ್ನ ಮುಖ ನೋಡಿದರು. "ಇಷ್ಟು ನಿಧಾನ ನಡೆದು ತಡಿಯಂಡಮೋಳ್ ಬೆಟ್ಟ ಹತ್ತಿದ ಹಾಗೆ ಆಯ್ತಲ್ಲ ತೊಡೆ" ಅಂದರು. ನಾಡಿ ನೋಡಿದೆ, ಬಿಪಿ ನೋಡಿದೆ, ಬೆರಳ ಉಗುರು ಒತ್ತಿ ನೋಡಿದೆ. ತೊಡೆ ಉರಿಯಬಹುದು, ಭಾರ ಅನ್ನಿಸಬಹುದು. ಮರಗಟ್ಟಬಾರದು, ಪಾದ ತಣ್ಣಗಾಗಬಾರದು, ತಲೆ ಸುತ್ತಬಾರದು, ಎದೆ ಹಿಡಿದ ಹಾಗೆ ಆಗಬಾರದು. ಇವುಗಳಲ್ಲಿ ಒಂದು ಕಂಡರೂ ಆ ಕ್ಷಣ ಗಾಳಿ ಬಿಡಬೇಕು. ವಾರಕ್ಕೆ ಮೂರು ದಿನ, ನಿಧಾನಕ್ಕೆ ಐದರಿಂದ ಹದಿನೈದು ನಿಮಿಷಕ್ಕೆ ಏರಿಸಿದೆವು. ಇಪ್ಪತ್ತು ನಿಮಿಷ ದಾಟಿಸುವುದಿಲ್ಲ. ನಡಿಗೆಯೂ ಅವರವರ ಶಕ್ತಿಯ ಅರ್ಧಕ್ಕಿಂತ ಕೆಳಗೇ ಇರಬೇಕು.

ಎಂಟು ವಾರ ಆದ ಮೇಲೆ ಮೆಟ್ಟಿಲು ಇಳಿಯುವಾಗ ಗೋಡೆಯಿಂದ ಕೈ ತೆಗೆದರು. ಮಂಡಿ ಸವೆತ ವಾಸಿಯಾಗಿಲ್ಲ, ಅದು ವಾಸಿಯಾಗುವಂಥದ್ದಲ್ಲ. ಮಂಡಿಯ ಮೇಲಿನ ತೊಡೆ ಗಟ್ಟಿಯಾಯಿತು ಅಷ್ಟೇ. ಆಮೇಲೆ ನಾನು ಪಟ್ಟಿ ನಿಲ್ಲಿಸಿದೆ. ಈಗ ಅವರು ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು ಹತ್ತುವುದು, ಬೆಳಗ್ಗೆ ರಸ್ತೆಯಲ್ಲಿ ನಡೆಯುವುದು ಮಾಡುತ್ತಾರೆ. ಪಟ್ಟಿ ಸೇತುವೆಯ ಹಾಗೆ, ದಾಟಿದ ಮೇಲೆ ಅದರ ಮೇಲೇ ನಿಲ್ಲುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಪಾಯ ಎಷ್ಟು? ಜಪಾನಿನಲ್ಲಿ ಈ ವಿಧಾನ ಬಳಸುವ ಕಡೆಗಳಿಂದ 12,600ಕ್ಕೂ ಜಾಸ್ತಿ ಜನರ ಮಾಹಿತಿ ಸಂಗ್ರಹಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಚರ್ಮದಡಿ ರಕ್ತ ಕಂದಿದ್ದು ಶೇಕಡಾ 13 ಜನರಿಗೆ. ಮರಗಟ್ಟಿದ್ದು ಶೇಕಡಾ 1.3. ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ್ದು ಶೇಕಡಾ 0.055, ಅಂದರೆ ಹತ್ತು ಸಾವಿರಕ್ಕೆ ಐದಾರು ಜನ. ಕಡಿಮೆಯೇ. ಆದರೆ ಅದು ಕಲಿತವರು ಕಟ್ಟಿದಾಗಿನ ಲೆಕ್ಕ, ಟ್ಯೂಬ್ ಕಟ್ಟಿದಾಗಿನದಲ್ಲ. ಹಿಂದೆ ಕಾಲಲ್ಲಿ ಹೆಪ್ಪುಗಟ್ಟಿದವರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬಾರದವರು, ಕಾಲಲ್ಲಿ ನರ ಉಬ್ಬಿ ಗಂಟು ಗಂಟಾಗಿರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು, ಗರ್ಭಿಣಿಯರು, ಇವರೆಲ್ಲ ಇದರಿಂದ ದೂರ ಇರಿ.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ಮಾತು. ಇಲ್ಲಿನ ಕೆಲವು ಬುಡಕಟ್ಟು ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಆಮ್ಲಜನಕ ಕಡಿಮೆಯಾದಾಗ ಅಂಥವರ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಕಟ್ಟಿ ಆಮ್ಲಜನಕ ಕಡಿಮೆ ಮಾಡುವುದೇ ಈ ವ್ಯಾಯಾಮದ ಗುಟ್ಟು ಅಂದ ಮೇಲೆ ಅವರಿಗೆ ಇದು ಎಂಥ ಅಪಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ಹಾಡಿಗಳಿಂದ ಆಟಕ್ಕೆ ಬರುವ ಮಕ್ಕಳ ತರಬೇತುದಾರರು ದಯವಿಟ್ಟು ಆ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಪಟ್ಟಿ ಇರಲಿ ಬಿಡಲಿ, ವಿಪರೀತ ಓಡಿಸುವ ಮೊದಲೂ ಅದು ಗೊತ್ತಿರಬೇಕು.

ಇಲ್ಲಿಂದ ಮುಂದೆ ಸಭೆಯ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು. "ನಾವು ಬೆಟ್ಟದ ಮೇಲೆ ಇರೋರು, ಇಲ್ಲಿ ಆಮ್ಲಜನಕ ಕಡಿಮೆ ಅಲ್ವಾ? ನಮಗೆ ಪಟ್ಟಿ ಯಾಕೆ?" ಒಳ್ಳೆಯ ಪ್ರಶ್ನೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ತಡಿಯಂಡಮೋಳ್ ತುದಿಯೇ 1,748 ಮೀಟರ್. ಎತ್ತರದ ತರಬೇತಿ ಅಂತ ಆಟಗಾರರು ಹೋಗುವುದು ಸಾಮಾನ್ಯವಾಗಿ 2,000 ಮೀಟರಿಗಿಂತ ಮೇಲೆ, ಅಲ್ಲೇ ವಾರಗಟ್ಟಲೆ ಇರುವುದಕ್ಕೆ. ನಮ್ಮ ಎತ್ತರ ಅದಕ್ಕೆ ಸಾಲದು. ಅಲ್ಲದೆ ಎತ್ತರದಲ್ಲಿ ಇಡೀ ಮೈಗೆ ಆಮ್ಲಜನಕ ಕಡಿಮೆ, ಪಟ್ಟಿ ಕಟ್ಟಿದಾಗ ಕಾಲಿಗೆ ಮಾತ್ರ. ನಮಗೆ ಲಾಭ ಇರುವುದು ಏರಿನಿಂದ. ವಾರಕ್ಕೆ ಎರಡು ದಿನ ಏರಿನಲ್ಲಿ ಓಡಿ, ಇಳಿಜಾರಿನಲ್ಲಿ ನಡೆದು ಬನ್ನಿ. ಟ್ಯೂಬ್ ಕಟ್ಟಿಕೊಂಡು ಬಂದ ಹುಡುಗನಿಗೆ ನಾನು ಕೊಟ್ಟದ್ದೂ ಇದೇ ಅಭ್ಯಾಸ.

ಹಿರಿಯರೊಬ್ಬರು ಎದ್ದು, ಹಾವು ಕಚ್ಚಿದಾಗ ಮೇಲೆ ಬಿಗಿಯಾಗಿ ಕಟ್ಟುತ್ತೇವಲ್ಲ, ಅದೂ ಇದೂ ಒಂದೇನಾ ಅಂತ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಲೇಬಾರದು. ವಿಷ ಒಂದು ಕಡೆ, ರಕ್ತ ಇಲ್ಲದೆ ಕಾಲು ಕೊಳೆಯುವುದು ಇನ್ನೊಂದು ಕಡೆ, ಎರಡೂ ಆಗುತ್ತದೆ. ಕಾಲು ಅಲುಗಾಡದ ಹಾಗೆ ಇಟ್ಟು, ನಡೆಸದೆ, ಎತ್ತಿಕೊಂಡು ಬೇಗ ಆಸ್ಪತ್ರೆಗೆ ಹೋಗಿ. ಕೊಯ್ಯುವುದು, ಹೀರುವುದು ಯಾವುದೂ ಬೇಡ.

ಕೊನೆಯಲ್ಲಿ, ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಅಕ್ಕ. ತೋಟದಲ್ಲಿ ಕಳೆ ತೆಗೆಯುವ ಕೆಲಸ. "ಮೇಡಂ, ನಾವು ದಿನಾ ಗುಡ್ಡ ಹತ್ತಿ ಇಳೀತೀವಿ. ಸಂಜೆಗೆ ಕಾಲು ಊದುತ್ತೆ, ಜೋಮು ಹಿಡಿಯುತ್ತೆ. ನಮಗೂ ಈ ಪಟ್ಟಿ ಒಳ್ಳೇದಾ?" ಕಾಲು ತೋರಿಸಿ ಅಂದೆ. ಟಾರ್ಚ್ ಬೆಳಕಿನಲ್ಲಿ ನೋಡಿದೆ. ಮಂಡಿ ಕೆಳಗೆ, ಎರಡೂ ಕಾಲಿಗೆ, ಬೆರಳು ಇಟ್ಟರೆ ಕೂರುವಷ್ಟು ಆಳದ ಗುಳಿ. ಜಿಗಣೆ ಒಳಗೆ ಹೋಗದಿರಲಿ ಅಂತ ಉದ್ದ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ದಾರ ಸುತ್ತಿ, ಬೆಳಗ್ಗೆ ಎಂಟಕ್ಕೆ ಕಟ್ಟಿದರೆ ಬಿಚ್ಚುವುದು ಸಂಜೆ ಐದಕ್ಕೆ. ನಾನು ಮಾವನಿಗೆ ಹದಿನೈದು ನಿಮಿಷಕ್ಕೆ ಗಡಿಯಾರ ಹಿಡಿದು ಕೂತಿದ್ದೆ, ಈ ಅಕ್ಕ ಒಂಬತ್ತು ಗಂಟೆ ಕಟ್ಟಿಕೊಂಡು ಗುಡ್ಡ ಹತ್ತಿದ್ದಾರೆ. ಮಳೆಗಾಲ ಪೂರ್ತಿ.

ಊತಕ್ಕೆ ಬೇರೆ ಕಾರಣವೂ ಇರಬಹುದು, ರಕ್ತ ಕಡಿಮೆ ಇದೆಯಾ ಅಂತ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ದಾರದ ಬದಲು ಅಗಲದ ಬಟ್ಟೆ ಪಟ್ಟಿ ಸುತ್ತಲು ಹೇಳಿದೆ. ಅಲ್ಲೇ ಒಂದು ಟವೆಲ್ ಅಂಚು ಹರಿದು ಸುತ್ತಿ ತೋರಿಸಿದೆ. ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ಬಿಚ್ಚಿ, ಹೆಬ್ಬೆರಳ ಉಗುರು ಒತ್ತಿ ನೋಡಿಕೊಳ್ಳಬೇಕು. ಜಿಗಣೆಗೆ ಏನು ಮಾಡೋದು ಅಂತ ಕೇಳಿದರು. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಹಚ್ಚಿದರೆ ಆಗುತ್ತೆ ಅಂತ ಪಕ್ಕದಲ್ಲಿದ್ದ ಅವರ ಅತ್ತೆಯೇ ಹೇಳಿದರು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ತಮ್ಮ ಕಾಲಿನ ದಾರ ಬಿಚ್ಚಿಕೊಂಡು ಟಾರ್ಚ್ ಹತ್ತಿರ ಬಂದು ನಿಂತಿದ್ದರು.